ಹನ್ನೊಂದನೇ ಐಟಂ: ವಿಶ್ವವಿದ್ಯಾಲಯದ ಆಡಳಿತದಲ್ಲಿ ಅಧ್ಯಾಪಕರು ತಮ್ಮ ಪಾಲು ಪಡೆಯುವುದು ಹೇಗೆ

ಒಂದು ಬೆಳಿಗ್ಗೆ ಸುತ್ತೋಲೆ ಬರುತ್ತದೆ. ಮುಂದಿನ ಸೆಮಿಸ್ಟರಿನಿಂದ ನಿಮ್ಮ ವಿಷಯದ ಪ್ರಾಯೋಗಿಕ ತರಗತಿಗಳು ಅರ್ಧಕ್ಕೆ ಇಳಿದಿವೆ, ಅಂಕಗಳ ಹಂಚಿಕೆಯೂ ಬದಲಾಗಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಮಾತು: "ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?" ಆಮೇಲೆ ಕಡತ ತೆಗೆದು ನೋಡಿದರೆ, ಕೇಳಿದ್ದರು. ಮೂರು ತಿಂಗಳ ಹಿಂದೆ ಒಂದು ಸಮಿತಿಯಲ್ಲಿ ಆ ವಿಷಯ ಹನ್ನೊಂದನೇ ಐಟಂ ಆಗಿ ಬಂದಿತ್ತು, ವಿಭಾಗದ ಪ್ರತಿನಿಧಿ ಅಲ್ಲೇ ಕೂತಿದ್ದರು, ಊಟದ ಹೊತ್ತು ಮೀರಿತ್ತು, "ಅನುಮೋದಿಸಲಾಯಿತು" ಅಂತ ಬರೆದು ಮುಂದಕ್ಕೆ ಹೋಗಿದ್ದರು.

ಆ ಪ್ರತಿನಿಧಿ ನಾನೇ.

ಅವತ್ತಿನಿಂದ ಈಚೆಗೆ ಬೇಕಾದಷ್ಟು ಸಮಿತಿಗಳಲ್ಲಿ ಕೂತಿದ್ದೇನೆ. ಕಲಿತದ್ದು ಇಷ್ಟು: ಸಭೆಯಲ್ಲಿ ತೀರ್ಮಾನ ಆಗುವುದು ಕಮ್ಮಿ. ಸಭೆಗೆ ಬರುವ ಕಾಗದದಲ್ಲಿ ಅರ್ಧ ತೀರ್ಮಾನ ಆಗಿರುತ್ತದೆ, ಸಭೆಯಿಂದ ಹೊರಗೆ ಹೋಗುವ ಕಾಗದದಲ್ಲಿ ಇನ್ನರ್ಧ. ಆದ್ದರಿಂದ ಇಲ್ಲಿ ಚೆನ್ನಾಗಿ ಮಾತಾಡುವುದು ಹೇಗೆ ಅನ್ನುವುದು ಸ್ವಲ್ಪವೇ ಇದೆ, ಕಾಗದದ ಬೆನ್ನು ಹತ್ತುವುದು ಹೇಗೆ ಅನ್ನುವುದು ಜಾಸ್ತಿ ಇದೆ.

ಹೆಜ್ಜೆ 1: ಯಾವ ವಿಷಯ ಯಾರದು ಅಂತ ಬೇರೆ ಮಾಡಿಕೊಳ್ಳಿ

ಹಂಚಿಕೊಂಡ ಆಡಳಿತ ಅಂದರೆ ಎಲ್ಲರೂ ಎಲ್ಲದಕ್ಕೂ ಕೈ ಎತ್ತುವುದು ಅಂತ ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಆಡಳಿತ ಮಂಡಳಿ, ಕುಲಪತಿ ಮತ್ತು ಅವರ ಕಚೇರಿ, ಅಧ್ಯಾಪಕರು, ಇವರೆಲ್ಲರಿಗೂ ಪಾಲಿದೆ. ಆದರೆ ವಿಷಯ ಬದಲಾದ ಹಾಗೆ ಯಾರ ಮಾತಿಗೆ ಎಷ್ಟು ತೂಕ ಅನ್ನುವುದೂ ಬದಲಾಗುತ್ತದೆ.

ಇದನ್ನು ಸ್ಪಷ್ಟವಾಗಿ ಬರೆದಿಟ್ಟದ್ದು 1966ರಲ್ಲಿ, ಅಮೆರಿಕದಲ್ಲಿ. ಅಲ್ಲಿನ ಪ್ರಾಧ್ಯಾಪಕರ ಸಂಘ 1915ರಿಂದಲೂ ಇತ್ತು. ಅದು ಕಾಲೇಜುಗಳ ಒಕ್ಕೂಟ ಮತ್ತು ಆಡಳಿತ ಮಂಡಳಿಗಳ ಸಂಘದ ಜೊತೆ ಸೇರಿ ಒಂದು ಹೇಳಿಕೆ ರೂಪಿಸಿತು. ಪಠ್ಯಕ್ರಮ, ಪಾಠದ ವಿಷಯ ಮತ್ತು ವಿಧಾನ, ಸಂಶೋಧನೆ, ಅಧ್ಯಾಪಕರ ನೇಮಕ ಮತ್ತು ಬಡ್ತಿ, ವಿದ್ಯಾರ್ಥಿ ಜೀವನದಲ್ಲಿ ಕಲಿಕೆಗೆ ಸಂಬಂಧಪಟ್ಟ ಭಾಗ, ಇವುಗಳಲ್ಲಿ ಮೊದಲ ಹೊಣೆ ಅಧ್ಯಾಪಕರದು ಅಂತ ಅದು ಹೇಳುತ್ತದೆ. ಮೇಲಿನವರು ಇದನ್ನು ತಳ್ಳಿಹಾಕುವುದಾದರೆ ಅದು ಅಪರೂಪಕ್ಕೆ ಮಾತ್ರ ಆಗಬೇಕು, ಬಲವಾದ ಕಾರಣ ಇರಬೇಕು, ಆ ಕಾರಣವನ್ನು ಅಧ್ಯಾಪಕರಿಗೆ ತಿಳಿಸಬೇಕು. 1997ರಲ್ಲಿ ಯುನೆಸ್ಕೊ ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನದ ಬಗ್ಗೆ ಶಿಫಾರಸು ಹೊರಡಿಸಿತು. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಡಳಿತ ಸಂಸ್ಥೆಗಳಲ್ಲಿ ಭಾಗವಹಿಸುವ ಹಕ್ಕು, ತಮ್ಮದೇ ಸಂಸ್ಥೆಯನ್ನು ಟೀಕಿಸುವ ಹಕ್ಕು, ಶೈಕ್ಷಣಿಕ ಮಂಡಳಿಗಳಿಗೆ ಬಹುಮತದ ಪ್ರತಿನಿಧಿಗಳನ್ನು ಚುನಾಯಿಸುವ ಹಕ್ಕು ಬೋಧಕರಿಗೆ ಇರಬೇಕು ಅನ್ನುತ್ತದೆ.

ಇವೆರಡೂ ಕಾನೂನಲ್ಲ. ಕೋರ್ಟಿಗೆ ಹಿಡಿದುಕೊಂಡು ಹೋಗುವಂಥದ್ದೂ ಅಲ್ಲ. ಆದರೆ "ಇದರಲ್ಲಿ ನಿಮ್ಮ ಕೆಲಸ ಏನು?" ಅಂತ ಯಾರಾದರೂ ಕೇಳಿದಾಗ ಮೇಜಿನ ಮೇಲಿಡಲು ಒಳ್ಳೆಯ ಕಾಗದಗಳು.

ಈಗ ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಮಾಡಿ. ಅಧ್ಯಾಪಕರ ಸಮಿತಿಯೇ ತೀರ್ಮಾನಿಸುವುದು, ಸಮಿತಿ ಸಲಹೆ ಕೊಟ್ಟು ಬೇರೆಯವರು ತೀರ್ಮಾನಿಸುವುದು, ತೀರ್ಮಾನ ಆದ ಮೇಲೆ ಬರೀ ತಿಳಿಸುವುದು. ನಿಮ್ಮಲ್ಲಿ ನಡೆಯುವ ಹತ್ತು ಹನ್ನೆರಡು ವಿಷಯಗಳನ್ನು ಇದರೊಳಗೆ ಹಾಕಿ ನೋಡಿ. ಮೊದಲನೇ ಕಾಲಂ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ. ಜಗಳಗಳಲ್ಲಿ ಹೆಚ್ಚಿನವು ಎರಡನೇ ಕಾಲಂನವು: ನಾವು ತೀರ್ಮಾನಿಸಿದೆವು ಅಂತ ಅಧ್ಯಾಪಕರು ಅಂದುಕೊಂಡಿರುತ್ತಾರೆ, ಅವರು ಸಲಹೆ ಕೊಟ್ಟರು ಅಂತ ಕಚೇರಿ ಅಂದುಕೊಂಡಿರುತ್ತದೆ.

ಹೆಜ್ಜೆ 2: ನಿಯಮದ ಪುಸ್ತಕವನ್ನು ಒಂದು ಸಲ ಪೂರ್ತಿ ಓದಿ

ಬೇಜಾರಿನ ಕೆಲಸ, ಒಪ್ಪಿದೆ. ಕಾಯ್ದೆ, ಅದರ ಕೆಳಗೆ ಸ್ಟ್ಯಾಟ್ಯೂಟು, ಅದರ ಕೆಳಗೆ ಆರ್ಡಿನೆನ್ಸು, ರೆಗ್ಯುಲೇಶನ್ನು. ಭಾಷೆಯಂತೂ ನಿದ್ದೆ ಬರಿಸುವಂಥದ್ದು. ಆದರೆ ಇದನ್ನು ಓದಿದ ಅಧ್ಯಾಪಕರು ಎಷ್ಟು ಕಮ್ಮಿ ಅಂದರೆ, ಓದಿದ ಒಬ್ಬರು ಕೋಣೆಯಲ್ಲಿದ್ದರೆ ಎಲ್ಲರೂ ಅವರ ಮುಖ ನೋಡುತ್ತಾರೆ.

ಓದುವಾಗ ಕೆಲವು ಪ್ರಶ್ನೆಗಳಿಗೆ ಮಾತ್ರ ಉತ್ತರ ಹುಡುಕಿ, ಸಾಕು. ಸಭೆಯ ನೋಟಿಸು ಎಷ್ಟು ದಿನ ಮುಂಚೆ ಬರಬೇಕು? ಕಾರ್ಯಸೂಚಿಗೆ ವಿಷಯ ಸೇರಿಸಲು ಸದಸ್ಯರಿಗೆ ಹಕ್ಕಿದೆಯಾ, ಇದ್ದರೆ ಎಷ್ಟು ದಿನ ಮೊದಲು ಬರೆದು ಕೊಡಬೇಕು? ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಎಷ್ಟು? ಇಷ್ಟು ಜನ ಸಹಿ ಹಾಕಿದರೆ ವಿಶೇಷ ಸಭೆ ಕರೆಯಲೇಬೇಕು ಅನ್ನುವ ನಿಯಮ ಇದೆಯಾ? ಚುನಾಯಿತರು ಎಷ್ಟು ಜನ, ನಾಮನಿರ್ದೇಶಿತರು ಎಷ್ಟು, ಹುದ್ದೆಯ ಕಾರಣಕ್ಕೆ ಬರುವವರು ಎಷ್ಟು? ತುರ್ತು ಇದ್ದಾಗ ಕುಲಪತಿ ಒಬ್ಬರೇ ತೀರ್ಮಾನಿಸಬಹುದು ಅಂತ ಎಷ್ಟೋ ಕಡೆ ಇರುತ್ತದೆ, ಅದನ್ನು ಮುಂದಿನ ಸಭೆಗೆ ವರದಿ ಮಾಡಬೇಕು ಅಂತಲೂ ಅದೇ ನಿಯಮದಲ್ಲಿ ಸಾಮಾನ್ಯವಾಗಿ ಇರುತ್ತದೆ. ಎರಡನೆಯ ಭಾಗವನ್ನು ಎಲ್ಲರೂ ಮರೆಯುತ್ತಾರೆ. ನೀವು ಮರೆಯಬೇಡಿ.

ನಿಯಮ ಗೊತ್ತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಆಕ್ಸ್‌ಫರ್ಡನ್ನು ನೋಡಿ. ಅಲ್ಲಿ ಕಾಂಗ್ರಿಗೇಶನ್ ಅಂತ ಅಧ್ಯಾಪಕರ ದೊಡ್ಡ ಸಭೆ ಇದೆ, ಮತದಾನದ ಹಕ್ಕಿರುವ ಸಭೆ. 1985ರಲ್ಲಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೆ ಗೌರವ ಡಾಕ್ಟರೇಟ್ ಕೊಡುವ ಪ್ರಸ್ತಾವ ಬಂದಾಗ ಆ ಸಭೆ 738ಕ್ಕೆ 319 ಮತಗಳಿಂದ ಬೇಡ ಅಂದಿತು. ಕಾರಣ, ಶಿಕ್ಷಣಕ್ಕೆ ಸರ್ಕಾರ ಹಣ ಕಡಿತ ಮಾಡಿದ್ದು. 2006ರಲ್ಲಿ ಆಡಳಿತ ಮಂಡಳಿಯಲ್ಲಿ ಹೊರಗಿನವರಿಗೆ ಬಹುಮತ ಕೊಡುವ ಸುಧಾರಣೆ ಬಂತು. ಸಭೆಯಲ್ಲಿ 730ಕ್ಕೆ 456ರಿಂದ ಸೋತಿತು, ಆಮೇಲೆ ಅಂಚೆ ಮತಕ್ಕೆ ಹೋಗಿ ಅಲ್ಲೂ 1,540ಕ್ಕೆ 997ರಿಂದ ಸೋತಿತು. ಅವರು ಸರಿ ಮಾಡಿದರೋ ತಪ್ಪು ಮಾಡಿದರೋ, ಆ ವಾದ ಬೇರೆ. ಮತ ಹಾಕುವ ಹಕ್ಕು ನಿಯಮದಲ್ಲಿತ್ತು, ಎರಡೂ ಸಲ ನೂರಾರು ಜನ ಎದ್ದು ಬಂದರು. ಎರಡೂ ಬೇಕು.

ಹೆಜ್ಜೆ 3: ಒಂದೇ ಸಮಿತಿ ಹಿಡಿಯಿರಿ

ಹೊಸಬರು ಮಾಡುವ ತಪ್ಪು ಇದು: ಕರೆದಲ್ಲೆಲ್ಲ ಹೋಗುತ್ತಾರೆ. ಕ್ಯಾಂಟೀನ್ ಸಮಿತಿ, ಸಾಂಸ್ಕೃತಿಕ ಸಮಿತಿ, ಶಿಸ್ತು ಸಮಿತಿ, ಗ್ರಂಥಾಲಯ ಸಮಿತಿ. ಎರಡು ವರ್ಷ ಆದ ಮೇಲೆ ಸುಸ್ತು, ಕೈಗೆ ಏನೂ ಸಿಕ್ಕಿರುವುದಿಲ್ಲ. ಪಠ್ಯಕ್ರಮ, ನೇಮಕ, ಬಜೆಟ್, ಈ ಮೂರರಲ್ಲಿ ಒಂದನ್ನು ಮುಟ್ಟುವ ಸಮಿತಿ ಆರಿಸಿ. ಶುರುವಿಗೆ ಬೋರ್ಡ್ ಆಫ್ ಸ್ಟಡೀಸ್‌ನಂಥದ್ದು, ಅಂದರೆ ಒಂದು ವಿಷಯದ ಪಠ್ಯಕ್ರಮ ನೋಡಿಕೊಳ್ಳುವ ಸಮಿತಿ, ಒಳ್ಳೆಯದು, ಏಕೆಂದರೆ ಅಲ್ಲಿ ನಿಮ್ಮ ವಿಷಯ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ, ಯಾರೂ ಸುಲಭವಾಗಿ ಬಾಯಿ ಮುಚ್ಚಿಸಲಾರರು.

ಚುನಾವಣೆಯಿಂದ ಹೋಗುವ ಜಾಗ ಇದ್ದರೆ ಅದಕ್ಕೇ ನಿಲ್ಲಿ. ನಾಮನಿರ್ದೇಶನದಿಂದ ಕೂತವರಿಗೆ ಬೇಡ ಅನ್ನುವುದು ಕಷ್ಟ. ಕೂರಿಸಿದವರು ಎದುರಿಗೇ ಇರುತ್ತಾರಲ್ವಾ.

ಹೆಜ್ಜೆ 4: ಸಭೆಗೆ ಮುಂಚಿನ ಎರಡು ವಾರ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಕೆಲಸದ ಮುಕ್ಕಾಲು ಭಾಗ ಇದೇ.

1972ರಲ್ಲಿ ಮೈಕೆಲ್ ಕೋಹೆನ್, ಜೇಮ್ಸ್ ಮಾರ್ಚ್, ಯೋಹಾನ್ ಓಲ್ಸೆನ್ ಅನ್ನುವ ಮೂವರು ವಿಶ್ವವಿದ್ಯಾಲಯದಂಥ ಸಂಸ್ಥೆಗಳಲ್ಲಿ ತೀರ್ಮಾನ ಹೇಗೆ ಆಗುತ್ತದೆ ಅಂತ ಲೆಕ್ಕ ಹಾಕಿ ಅದಕ್ಕೆ ಕಸದ ಬುಟ್ಟಿ ಮಾದರಿ ಅಂತ ಹೆಸರಿಟ್ಟರು. ಸಮಸ್ಯೆಗಳು ಒಂದು ಕಡೆಯಿಂದ ಬಂದು ಬುಟ್ಟಿಗೆ ಬೀಳುತ್ತವೆ, ಪರಿಹಾರಗಳು ಇನ್ನೊಂದು ಕಡೆಯಿಂದ, ಜನ ಬಂದು ಹೋಗಿ ಮಾಡುತ್ತಾರೆ, ಸಭೆ ನಡೆಯುವ ಹೊತ್ತಿಗೆ ಯಾವ ಪರಿಹಾರ ಬುಟ್ಟಿಯಲ್ಲಿದೆಯೋ ಅದು ಅಲ್ಲೇ ಬಿದ್ದಿರುವ ಸಮಸ್ಯೆಗೆ ಅಂಟಿಕೊಳ್ಳುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ಆಮೇಲೆ ನಮ್ಮ ಸಮಿತಿಯ ನೆನಪಾಗಿ ನಗು ನಿಂತಿತು. ಇದರಿಂದ ನಿಮಗೆ ಸಿಗುವ ಉಪಯೋಗ ಸರಳ: ಬುಟ್ಟಿಯಲ್ಲಿ ನಿಮ್ಮ ಪರಿಹಾರ ಮೊದಲೇ ಬರೆದು ತಯಾರಾಗಿ ಬಿದ್ದಿರಲಿ.

ದೂರು ಬರೆಯಬೇಡಿ, ಠರಾವು ಬರೆಯಿರಿ. ವ್ಯತ್ಯಾಸ ತೋರಿಸುತ್ತೇನೆ. "ಪ್ರಾಯೋಗಿಕ ತರಗತಿಗಳನ್ನು ಕಡಿಮೆ ಮಾಡಿರುವುದರಿಂದ ವಿದ್ಯಾರ್ಥಿಗಳಿಗೆ ತೊಂದರೆಯಾಗಿದ್ದು ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಇದು ದೂರು. ಇದಕ್ಕೆ ಸಿಗುವ ಉತ್ತರ "ಪರಿಶೀಲಿಸಲಾಗುವುದು". ಅಲ್ಲಿಗೆ ಮುಗಿಯಿತು. ಈಗ ಇದನ್ನು ನೋಡಿ: "ಎರಡನೇ ಸೆಮಿಸ್ಟರಿನ ಪ್ರಾಯೋಗಿಕ ತರಗತಿಯನ್ನು ವಾರಕ್ಕೆ ನಾಲ್ಕು ಗಂಟೆಗೆ ಮರಳಿಸಬೇಕು. ಬರುವ ಶೈಕ್ಷಣಿಕ ವರ್ಷದಿಂದ ಇದು ಜಾರಿಯಾಗಬೇಕು. ಪರಿಷ್ಕೃತ ವೇಳಾಪಟ್ಟಿಯನ್ನು ವಿಭಾಗದ ಮುಖ್ಯಸ್ಥರು ಮೂವತ್ತು ದಿನದೊಳಗೆ ಈ ಸಮಿತಿಗೆ ಸಲ್ಲಿಸಬೇಕು." ಏನು, ಯಾವಾಗಿನಿಂದ, ಯಾರು, ಎಷ್ಟು ದಿನದೊಳಗೆ. ಇದಕ್ಕೆ ಹೌದು ಅನ್ನಬಹುದು, ಇಲ್ಲ ಅನ್ನಬಹುದು, ತಿದ್ದಬಹುದು. "ಪರಿಶೀಲಿಸಲಾಗುವುದು" ಅಂತ ಜಾರಿಕೊಳ್ಳುವುದು ಮಾತ್ರ ಕಷ್ಟ.

ಠರಾವಿನ ಜೊತೆ ಒಂದು ಪುಟದ ಟಿಪ್ಪಣಿ ಇರಲಿ. ಒಂದೇ ಪುಟ. ಅದರಲ್ಲಿ ಹಿನ್ನೆಲೆ ನಾಲ್ಕು ಸಾಲು, ಖರ್ಚು ಎಷ್ಟು ಅಂತ ಒಂದು ಸಾಲು, ಯಾವ ನಿಯಮದ ಪ್ರಕಾರ ಈ ಸಮಿತಿಗೆ ಅಧಿಕಾರ ಇದೆ ಅಂತ ಒಂದು ಸಾಲು. ಖರ್ಚಿನ ಸಾಲನ್ನು ಬಿಡಬೇಡಿ. ನೀವು ಬರೆಯದಿದ್ದರೆ ಹಣಕಾಸು ಅಧಿಕಾರಿ ಬಾಯಲ್ಲೇ ಒಂದು ಮೊತ್ತ ಹೇಳುತ್ತಾರೆ, ಅದು ಯಾವಾಗಲೂ ದೊಡ್ಡದೇ ಇರುತ್ತದೆ.

ಆಮೇಲೆ ಜನರನ್ನು ಕಾಣಿ. ಎಲ್ಲರನ್ನೂ ಬೇಡ, ನಾಲ್ಕು ಜನ ಸಾಕು: ನಿಮ್ಮನ್ನು ಅನುಮೋದಿಸಬಲ್ಲ ಒಬ್ಬರು, ಖಂಡಿತ ವಿರೋಧಿಸುವ ಒಬ್ಬರು, ಯಾವ ಕಡೆಗೂ ಇಲ್ಲದ ಒಬ್ಬ ಹಿರಿಯರು, ಮತ್ತು ಅಧ್ಯಕ್ಷತೆ ವಹಿಸುವವರು. ವಿರೋಧಿಸುವವರನ್ನು ಕಾಣುವುದು ಯಾಕೆ ಅಂದರೆ ಅವರ ಆಕ್ಷೇಪ ಸಭೆಯಲ್ಲಿ ಮೊದಲ ಸಲ ಕೇಳಿದರೆ ನೀವು ತಡವರಿಸುತ್ತೀರಿ. ಎಷ್ಟೋ ಸಲ ಅವರ ಆಕ್ಷೇಪ ಸರಿಯಾಗಿಯೂ ಇರುತ್ತದೆ. ನನ್ನ ಒಂದು ಕರಡನ್ನು ಹೀಗೆ ಒಬ್ಬರು ಚಹಾ ಕುಡಿಯುತ್ತಲೇ ಅರ್ಧ ಹೊಡೆದು ಹಾಕಿದರು, ಉಳಿದರ್ಧ ಸಭೆಯಲ್ಲಿ ಒಂದೂ ಮಾತಿಲ್ಲದೆ ಪಾಸಾಯಿತು.

ಇನ್ನೊಬ್ಬರನ್ನು ಬಿಟ್ಟೆ. ಸಮಿತಿಯ ಕಡತ ನೋಡಿಕೊಳ್ಳುವ ಗುಮಾಸ್ತರು ಅಥವಾ ಸೂಪರಿಂಟೆಂಡೆಂಟ್. ಕಾರ್ಯಸೂಚಿ ಯಾವ ದಿನ ಮುಚ್ಚುತ್ತದೆ, ಯಾವ ವಿಷಯ ಎಲ್ಲಿ ನಿಂತಿದೆ, ಹಿಂದೆ ಇಂಥದ್ದೇ ಠರಾವು ಬಂದಿತ್ತಾ, ಎಲ್ಲ ಅವರಿಗೆ ಗೊತ್ತು. ಪ್ರೊಫೆಸರುಗಳು ಅವರನ್ನು ಲೆಕ್ಕಕ್ಕೆ ಇಡುವುದಿಲ್ಲ, ಅದು ಪ್ರೊಫೆಸರುಗಳದೇ ನಷ್ಟ.

ಹೆಜ್ಜೆ 5: ಸಭೆಯ ದಿನ

ಕಾಗದ ಸರಿ ಇದ್ದರೆ ಸಭೆಯಲ್ಲಿ ಮಾಡುವುದು ಬಹಳ ಇಲ್ಲ. ಎರಡು ನಿಮಿಷ ಮಾತಾಡಿ, ಠರಾವನ್ನು ಓದಿ, ಕೂತುಕೊಳ್ಳಿ. ಮುಖ್ಯ ವಿಷಯ ಕೊನೆಯಲ್ಲಿದ್ದರೆ ಸಭೆಯ ಶುರುವಿನಲ್ಲೇ ಅದನ್ನು ಮೇಲಕ್ಕೆ ತರಲು ಕೇಳಿ, ಇಲ್ಲದಿದ್ದರೆ ಅದು ಊಟದ ಹೊತ್ತಿಗೆ ಬಂದು ನನ್ನ ಹನ್ನೊಂದನೇ ಐಟಂನ ಗತಿಯೇ ಆಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹುಷಾರು: "ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು". ಸಭೆ ಮುಗಿಯುವ ಹೊತ್ತಿಗೆ ಮೂವತ್ತು ಪುಟದ ಕಾಗದ ಮೇಜಿನ ಮೇಲೆ ಬರುತ್ತದೆ, ಯಾರೂ ಓದಿರುವುದಿಲ್ಲ, ತುರ್ತು ಅನ್ನುತ್ತಾರೆ. ಆಗ ಜಗಳ ಬೇಡ. "ಓದದೆ ಅಭಿಪ್ರಾಯ ಕೊಡುವುದು ಸರಿಯಲ್ಲ, ಮುಂದಿನ ಸಭೆಗೆ ಇಡೋಣ, ನಿಜವಾಗಿ ತುರ್ತಾಗಿದ್ದರೆ ವಾರದೊಳಗೆ ವಿಶೇಷ ಸಭೆ ಕರೆಯೋಣ" ಅಂತ ಹೇಳಿ, ಅದನ್ನು ನಡಾವಳಿಯಲ್ಲಿ, ಅಂದರೆ ಸಭೆಯ ಅಧಿಕೃತ ದಾಖಲೆಯಲ್ಲಿ, ಬರೆಸಿ. ಒಪ್ಪದಿದ್ದರೆ ನಿಮ್ಮ ಭಿನ್ನಾಭಿಪ್ರಾಯವನ್ನು ಅಲ್ಲೇ ದಾಖಲಿಸಲು ಕೇಳಿ.

ಸಭೆಯ ನಡವಳಿಕೆಗೆ ಹಲವು ದೇಶಗಳಲ್ಲಿ ಇವತ್ತಿಗೂ ಹೆನ್ರಿ ರಾಬರ್ಟ್ ಅನ್ನುವ ಅಮೆರಿಕದ ಸೇನಾ ಎಂಜಿನಿಯರ್ 1876ರಲ್ಲಿ ಪ್ರಕಟಿಸಿದ ನಿಯಮಾವಳಿಯನ್ನೇ ನೆಚ್ಚುತ್ತಾರೆ. ಪೂರ್ತಿ ಕಲಿಯಬೇಕಿಲ್ಲ. ತಿದ್ದುಪಡಿಗೆ ಮೊದಲು ಮತ, ಆಮೇಲೆ ಮೂಲ ಠರಾವಿಗೆ ಮತ, ಕೋರಂ ಇಲ್ಲದಿದ್ದರೆ ತೀರ್ಮಾನ ಇಲ್ಲ, ಇಷ್ಟು ನೆನಪಿದ್ದರೆ ನಡೆಯುತ್ತದೆ.

ಹೆಜ್ಜೆ 6: ನಡಾವಳಿ ಬರುವ ತನಕ ಕೆಲಸ ಮುಗಿದಿಲ್ಲ

ಒಂದು ಸಲ ನಮ್ಮ ಸಮಿತಿಯಲ್ಲಿ ಆರು ಜನ ಒಂದು ಪ್ರಸ್ತಾವವನ್ನು ಗಟ್ಟಿಯಾಗಿ ವಿರೋಧಿಸಿದೆವು. ಅರ್ಧ ಗಂಟೆ ಚರ್ಚೆ. ಗೆದ್ದೆವು ಅಂದುಕೊಂಡು ಮನೆಗೆ ಹೋದೆವು. ಐದು ವಾರದ ನಂತರ ಬಂದ ನಡಾವಳಿಯಲ್ಲಿ ಇದ್ದದ್ದು ಒಂದು ಸಾಲು: "ವಿವರವಾಗಿ ಚರ್ಚಿಸಿ, ಸದಸ್ಯರ ಸಲಹೆಗಳೊಂದಿಗೆ ತಾತ್ವಿಕವಾಗಿ ಒಪ್ಪಲಾಯಿತು." ಯಾರೂ ಸುಳ್ಳು ಬರೆದಿರಲಿಲ್ಲ, ನೋಡಿ. ಚರ್ಚೆ ಆಗಿತ್ತು, ಸಲಹೆ ಬಂದಿತ್ತು. ನಮ್ಮ ವಿರೋಧ ಮಾತ್ರ "ಸಲಹೆ" ಆಗಿಬಿಟ್ಟಿತ್ತು.

ಆಮೇಲೆ ನಾನು ಮಾಡಿಕೊಂಡ ಅಭ್ಯಾಸ ಇದು. ಸಭೆಯಲ್ಲಿ ಪ್ರತಿ ಐಟಂ ಮುಗಿದಾಗ "ಹಾಗಾದರೆ ಏನಂತ ಬರೆಯುವುದು?" ಅಂತ ಕೇಳುತ್ತೇನೆ, ಅಧ್ಯಕ್ಷರು ಹೇಳಿದ ವಾಕ್ಯವನ್ನು ನನ್ನ ಪುಸ್ತಕದಲ್ಲೂ ಬರೆದುಕೊಳ್ಳುತ್ತೇನೆ. ಅದೇ ದಿನ ಸಂಜೆ ಕಾರ್ಯದರ್ಶಿಗೆ ಒಂದು ಸಣ್ಣ ಇಮೇಲ್: "ಇಂದಿನ ಸಭೆಯಲ್ಲಿ ನಾನು ತಿಳಿದುಕೊಂಡಂತೆ ತೀರ್ಮಾನಗಳು ಹೀಗಿವೆ, ತಪ್ಪಿದ್ದರೆ ತಿಳಿಸಿ." ನಯವಾಗಿ, ಮೂರು ಸಾಲು. ಕರಡು ನಡಾವಳಿ ಬಂದಾಗ ಇದರ ಜೊತೆ ಇಟ್ಟು ಓದುತ್ತೇನೆ. ವ್ಯತ್ಯಾಸ ಇದ್ದರೆ ಬರಹದಲ್ಲಿ ತಿದ್ದುಪಡಿ ಕೇಳುತ್ತೇನೆ. ಮುಂದಿನ ಸಭೆಯ ಮೊದಲ ಐಟಂ ಹಿಂದಿನ ನಡಾವಳಿಯನ್ನು ದೃಢೀಕರಿಸುವುದು ತಾನೆ, ಅಷ್ಟರಲ್ಲಿ ತಿದ್ದಿಸದಿದ್ದರೆ ಆಮೇಲೆ ಅದೇ ಸತ್ಯ. ಆ ಐಟಂಗೆ ಜನ ಇನ್ನೂ ಕುರ್ಚಿ ಎಳೆದುಕೊಳ್ಳುತ್ತಿರುತ್ತಾರೆ, ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಆದ್ದರಿಂದ ತಡವಾಗಿ ಹೋಗಬೇಡಿ.

ಅದರ ನಂತರದ ಐಟಂ, ಕೈಗೊಂಡ ಕ್ರಮದ ವರದಿ. "ಪ್ರಕ್ರಿಯೆಯಲ್ಲಿದೆ" ಅಂತ ಎರಡು ಸಲ ಬಂದರೆ ಕೇಳಿ: ಯಾರ ಮೇಜಿನ ಮೇಲಿದೆ, ಯಾವತ್ತಿನಿಂದ ಇದೆ?

ಹೆಜ್ಜೆ 7: ಕಳಿಸಿದವರಿಗೆ ಲೆಕ್ಕ ಕೊಡಿ

ನೀವು ಪ್ರತಿನಿಧಿ. ಸಭೆಯಾದ ಮೂರು ದಿನದೊಳಗೆ ನಿಮ್ಮ ವಿಭಾಗಕ್ಕೆ ಅರ್ಧ ಪುಟದ ವರದಿ ಕಳಿಸಿ, ಗೋಪ್ಯವಾದ ನೇಮಕದ ಚರ್ಚೆಗಳನ್ನು ಬಿಟ್ಟು. ನಿಮ್ಮ ಸ್ವಂತ ಅಭಿಪ್ರಾಯ ಯಾವುದು, ವಿಭಾಗದ ಅಭಿಪ್ರಾಯ ಯಾವುದು ಅನ್ನುವುದನ್ನು ಬೇರೆಯಾಗಿ ಇಡಿ. ಹೀಗೆ ಮಾಡಿದರೆ ಮುಂದೆ ಸಹಿ ಬೇಕಾದಾಗ, ಮತ ಬೇಕಾದಾಗ ಜನ ಬರುತ್ತಾರೆ.

ಅತಿಥಿ ಉಪನ್ಯಾಸಕರು, ಗುತ್ತಿಗೆಯವರು ಪಾಠದ ದೊಡ್ಡ ಪಾಲು ಹೊತ್ತಿರುವ ಕಡೆಗಳಲ್ಲೂ ಸಮಿತಿಯಲ್ಲಿ ಅವರಿಗೆ ಜಾಗ ಇರುವುದಿಲ್ಲ. ಖಾಯಂ ಅಧ್ಯಾಪಕರು ಆಡಳಿತವನ್ನು "ನಮ್ಮನ್ನು ಕೇಳಲಿಲ್ಲ" ಅಂತ ಬೈಯುತ್ತಾ, ಪಕ್ಕದ ಮೇಜಿನವರನ್ನು ತಾವೇ ಕೇಳುವುದಿಲ್ಲ. ಹಾಗಂತ ಯಾರಿಗೆ ಎಷ್ಟು ಮತ ಅನ್ನುವುದು ಸುಲಭದ ಪ್ರಶ್ನೆಯೂ ಅಲ್ಲ. 1973ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯದ ಮುಂದೆ ಇದೇ ಬಂದಿತ್ತು. ಪ್ರಾಧ್ಯಾಪಕರು, ಸಹಾಯಕರು, ವಿದ್ಯಾರ್ಥಿಗಳು, ಸಿಬ್ಬಂದಿ ಎಲ್ಲರಿಗೂ ಪ್ರಾತಿನಿಧ್ಯ ಇರುವುದನ್ನು ನ್ಯಾಯಾಲಯ ಒಪ್ಪಿತು, ಆದರೆ ಬೋಧನೆಯ ವಿಷಯಗಳಲ್ಲಿ ಪ್ರಾಧ್ಯಾಪಕರ ಗುಂಪಿಗೆ ಗಟ್ಟಿಯಾದ ತೂಕ, ಸಂಶೋಧನೆ ಮತ್ತು ನೇಮಕದ ವಿಷಯಗಳಲ್ಲಿ ಅದಕ್ಕಿಂತ ಹೆಚ್ಚಿನ ನಿರ್ಣಾಯಕ ತೂಕ ಇರಬೇಕು ಅಂದಿತು. ನನ್ನ ಅಭಿಪ್ರಾಯ ಕೇಳಿದರೆ, ಪಾಠ ಮಾಡುವವರಿಗೆ ಪಾಠದ ವಿಷಯದಲ್ಲಿ ಮತ ಇರಲೇಬೇಕು, ಅವರ ನೇಮಕದ ಆರ್ಡರಿನಲ್ಲಿ ಏನು ಬರೆದಿದ್ದರೂ.

ಹೆಜ್ಜೆ 8: ಮೇಲಿನವರು ತಳ್ಳಿಹಾಕಿದಾಗ

ತಳ್ಳಿಹಾಕುತ್ತಾರೆ, ಒಂದಲ್ಲ ಒಂದು ದಿನ. ಆಗ ಮೊದಲ ಕೆಲಸ, ಕಾರಣವನ್ನು ಬರಹದಲ್ಲಿ ಕೇಳುವುದು. 1966ರ ಆ ಹೇಳಿಕೆಯಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಅದೇ. ಬರೆಯಲು ಕೂತಾಗ ಎಷ್ಟೋ ಕಾರಣಗಳು ಕಾರಣಗಳಾಗಿ ಉಳಿಯುವುದಿಲ್ಲ, ಕಚೇರಿಯವರಿಗೇ ಅದು ಕಾಣುತ್ತದೆ. ಬಂದ ಉತ್ತರ ಸರಿಯಾಗಿದ್ದರೆ ಒಪ್ಪಿಕೊಳ್ಳಿ, ಅದರಲ್ಲಿ ಅವಮಾನ ಇಲ್ಲ. ಸರಿ ಇಲ್ಲದಿದ್ದರೆ ಅದನ್ನೇ ಮುಂದಿನ ಸಭೆಗೆ ವಿಷಯವಾಗಿ ಕೊಡಿ. ಆಮೇಲೆ ಸಹಿ ಸಂಗ್ರಹಿಸಿ ವಿಶೇಷ ಸಭೆ, ಆಮೇಲೆ ಆಡಳಿತ ಮಂಡಳಿಗೆ ಮನವಿ. ಪತ್ರಿಕೆಗೆ ಹೋಗುವುದು ಕೊನೆಗೆ, ಏಕೆಂದರೆ ಅಲ್ಲಿಗೆ ಹೋದ ಮೇಲೆ ಇಬ್ಬರಿಗೂ ಹಿಂದೆ ಸರಿಯಲು ಜಾಗ ಇರುವುದಿಲ್ಲ.

ಅಧ್ಯಾಪಕರ ಯೂನಿಯನ್ ಇದ್ದರೆ ಅದರ ಕೆಲಸವನ್ನೂ ಸಮಿತಿಯ ಕೆಲಸವನ್ನೂ ಬೆರೆಸಬೇಡಿ. ಸಂಬಳ, ರಜೆ, ಕೆಲಸದ ಗಂಟೆ ಅಲ್ಲಿ. ಪಠ್ಯಕ್ರಮ ಇಲ್ಲಿ. ಇದರಲ್ಲಿ ಒಂದು ವಿಚಿತ್ರ ತಿರುವೂ ಇದೆ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಯೆಶಿವಾ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ 5-4ರ ತೀರ್ಪು ಕೊಟ್ಟಿತು. ಅಲ್ಲಿನ ಪೂರ್ಣಾವಧಿ ಅಧ್ಯಾಪಕರು ಪಠ್ಯ, ಪ್ರವೇಶ, ನೇಮಕ ಎಲ್ಲದರಲ್ಲೂ ಇಷ್ಟೊಂದು ಅಧಿಕಾರ ನಡೆಸುತ್ತಿರುವುದರಿಂದ ಅವರು ಮ್ಯಾನೇಜರುಗಳೇ, ಹಾಗಾಗಿ ಕಾರ್ಮಿಕ ಕಾನೂನಿನಡಿ ಯೂನಿಯನ್ ಮೂಲಕ ಚೌಕಾಸಿ ಮಾಡುವ ರಕ್ಷಣೆ ಅವರಿಗಿಲ್ಲ ಅಂದಿತು. ಆಡಳಿತದಲ್ಲಿ ಪಾಲು ಪಡೆದದ್ದೇ ಅವರಿಗೆ ಮುಳುವಾಯಿತು. ಪ್ರತಿ ದೇಶದ ಕಾನೂನು ಬೇರೆ, ಆದರೂ ನಿಮ್ಮಲ್ಲಿ ಈ ಎರಡು ದಾರಿಗಳು ಎಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ ಅಂತ ತಿಳಿದಿರುವುದು ಒಳ್ಳೆಯದು.

ಹೆಜ್ಜೆ 9: ಬಿಡುವಾಗ ಕಡತ ಕೊಟ್ಟು ಹೋಗಿ

ಅವಧಿ ಎರಡೋ ಮೂರೋ ವರ್ಷ. ಅಧಿಕಾರಿಗಳ ಕಚೇರಿಗೆ ನೆನಪು ಇರುತ್ತದೆ, ಕಡತ ಇರುತ್ತದೆ. ಅಧ್ಯಾಪಕರ ಕಡೆ ಪ್ರತಿ ಸಲ ಹೊಸಬರು ಬಂದು ಸೊನ್ನೆಯಿಂದ ಶುರು ಮಾಡುತ್ತಾರೆ. ನಾನು ಮೊದಲ ಸಲ ಕೂತಾಗ ಹಿಂದಿನವರಿಂದ ನನಗೆ ಸಿಕ್ಕಿದ್ದು "ಹೋಗಿ ಕೂತು ಬನ್ನಿ, ಟಿಎ ಕೊಡ್ತಾರೆ" ಅನ್ನುವ ಒಂದು ಮಾತು. ಟಿಎ ಅಂದರೆ ಪ್ರಯಾಣ ಭತ್ಯೆ.

ಹೋದ ವರ್ಷ ಬಿಡುವಾಗ ನಾನು ಒಂದು ಫೋಲ್ಡರ್ ಮಾಡಿ ಕೊಟ್ಟೆ. ನಿಯಮದ ಪುಸ್ತಕದಲ್ಲಿ ಗೆರೆ ಹಾಕಿದ ಪುಟಗಳು, ಮೂರು ಕಾಲಂನ ಆ ಹಾಳೆ, ಮೂರು ವರ್ಷದ ನಡಾವಳಿ, ನಾವು ಕಳಿಸಿದ ತಿದ್ದುಪಡಿಗಳು, ಇನ್ನೂ "ಪ್ರಕ್ರಿಯೆಯಲ್ಲಿದೆ" ಅಂತಿರುವ ಏಳು ಠರಾವುಗಳ ಪಟ್ಟಿ, ಪ್ರತಿಯೊಂದರ ಮುಂದೆ ಅದು ಕೊನೆಯ ಸಲ ಯಾವ ಮೇಜಿನ ಮೇಲಿತ್ತು ಅಂತ ಪೆನ್ಸಿಲಿನಲ್ಲಿ ಬರೆದದ್ದು. ಹೊಸ ಪ್ರತಿನಿಧಿ ಅದನ್ನು ತಿರುವಿ ನೋಡಿ, "ಸರ್, ಇದರಲ್ಲಿ ನಾಲ್ಕನೇದು ನಮ್ಮ ಲ್ಯಾಬಿಂದು ಅಲ್ವಾ?" ಅಂದರು. ಹೌದು ಅಂದೆ. ಮೊನ್ನೆ ಬಂದ ಕಾರ್ಯಸೂಚಿಯಲ್ಲಿ ಅದು ಎರಡನೇ ಐಟಂ.